ಕರಿ ಹೇಂಟೆಯ ಹನ್ನೊಂದು ಮೊಟ್ಟೆ

ಸಾಸ್ತಾನ
6 ಜುಲೈ 2025

ಅಣ್ಣಯ್ಯಾ,

ಕಾಲಿಗೆ ಬಿದ್ದೆ ಎಂದು ತಿಳಿದುಕೊಂಡು ಮುಂದೆ ಓದು. ಫೋನಿನಲ್ಲಿ ಹೇಳಿದರೆ ನಾನು ಎರಡನೇ ಮಾತಿಗೆ ಬರುವ ಮೊದಲೇ ನೀನು ಕೂಗುತ್ತೀ, ಆಮೇಲೆ ನಾನೂ ಕೂಗುತ್ತೇನೆ. ಅದಕ್ಕೇ ಕಾಗದ. ಡೊಂಬಿವಲಿಗೆ ಮೂರು ದಿನದಲ್ಲಿ ಮುಟ್ಟುತ್ತದೆ ಎಂದರು ಪೋಸ್ಟಿನಲ್ಲಿ.

ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಹನ್ನೊಂದು ಕೋಳಿಮೊಟ್ಟೆ ಕಾವಿಗೆ ಇಟ್ಟಿದ್ದೇನೆ. ಚಾವಡಿಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ.

ಆದದ್ದು ಇಷ್ಟು. ಬೇಲಿಯಾಚೆಯ ಸರಸಕ್ಕ ಗುರುವಾರ ದನದ ಹಟ್ಟಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಣಿಪಾಲಕ್ಕೆ ಕರೆದುಕೊಂಡು ಹೋದದ್ದು ನಾನೇ. ಅವಳ ಮಕ್ಕಳಿಬ್ಬರೂ ಪುಣೆಯ ಹೋಟೆಲಿನಲ್ಲಿ ಕೆಲಸಕ್ಕೆ, ನಿನಗೆ ಗೊತ್ತಲ್ಲ. ಮರುದಿನ ಬೆಳಿಗ್ಗೆ ಅವಳ ಕೋಳಿಗಳನ್ನು ಬಿಡಲು ಹೋದರೆ ಗೂಡಿನ ಬಾಗಿಲು ಮುರಿದು ನಾಯಿ ಒಳಗೆ ನುಗ್ಗಿತ್ತು. ಉಳಿದ ಕೋಳಿಗಳೆಲ್ಲ ಹಾರಿ ಹಲಸಿನ ಮರ ಹತ್ತಿದ್ದವು. ಕಾವಿಗೆ ಕೂತಿದ್ದ ಕರಿ ಹೇಂಟೆ ಮಾತ್ರ ಎದ್ದಿರಲಿಲ್ಲ. ನನ್ನನ್ನು ಕಂಡು ನಾಯಿ ಓಡಿತು. ಹೇಂಟೆಯನ್ನು ಕಚ್ಚಿಕೊಂಡೇ ಓಡಿತು. ಬುಟ್ಟಿಯ ಹೊರಗೆಲ್ಲ ಪುಕ್ಕ, ರಕ್ತ. ಒಳಗೆ ಹನ್ನೊಂದು ಮೊಟ್ಟೆ, ಒಂದೂ ಒಡೆದಿರಲಿಲ್ಲ.

ಸರಸಕ್ಕನಿಗೆ ಫೋನ್ ಮಾಡಿದೆ. “ತಾಯಿ ಹೋದ್ಮೇಲೆ ಆ ಮೊಟ್ಟಿ ಎಂತಕ್ಕ್ ಹೆಣ್ಣೆ? ತೆಂಗಿನ ಬುಡಕ್ಕೆ ಹಾಕ್” ಎಂದಳು.

ಒಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಇನ್ನೂ ಬಿಸಿಯಿತ್ತು. “ಹಾಕುದಿಲ್ಲ” ಎಂದೆ.

“ಮತ್ತೆಂತ, ನೀ ಕಾವಿಗೆ ಕೂಕಂತ್ಯಾ?” ಎಂದು ಆ ನೋವಿನಲ್ಲೂ ನಕ್ಕಳು.

“ಹೌದ್, ಕೂಕಂತೆ” ಎಂದೆ.

ಹದಿನಾರು ವರ್ಷ ಶಾಲೆಯ ಲ್ಯಾಬಿನಲ್ಲಿ ಮಕ್ಕಳಿಗೆ ಬೀಕರು, ಥರ್ಮಾಮೀಟರು ಎತ್ತಿಕೊಟ್ಟವಳು ನಾನು. ಇದೇನು ದೊಡ್ಡ ವಿದ್ಯೆಯಲ್ಲ. ಔಷಧದ ಅಂಗಡಿಯಿಂದ ಥರ್ಮೋಕೋಲ್ ಪೆಟ್ಟಿಗೆ ತಂದೆ, ಒಳಗೊಂದು ನಲವತ್ತು ವ್ಯಾಟಿನ ಬಲ್ಬು, ಒಂದು ಬಟ್ಟಲು ನೀರು. ಮೂವತ್ತೇಳೂವರೆ ಡಿಗ್ರಿ ಇರಬೇಕು. ದಿನಕ್ಕೆ ಮೂರು ಸಲ ಮೊಟ್ಟೆ ಮಗುಚಬೇಕು. ಮಧ್ಯಾಹ್ನದ ಬಿಡುವಿನಲ್ಲಿ ಸ್ಕೂಟಿಯಲ್ಲಿ ಬಂದು ಮಗುಚಿ ಹೋಗುತ್ತೇನೆ. ಯಾವುದು ತಿರುಗಿತು, ಯಾವುದು ಇಲ್ಲ ಎಂದು ಗೊತ್ತಾಗಲು ಪೆನ್ಸಿಲಿನಲ್ಲಿ ಒಂದು ಬದಿಗೆ ‘ಅ’, ಇನ್ನೊಂದು ಬದಿಗೆ ‘ಆ’ ಎಂದು ಬರೆದಿದ್ದೇನೆ.

ಹೇಂಟೆ ಕೂತದ್ದು ಜೂನ್ 29ಕ್ಕಂತೆ. ಇಪ್ಪತ್ತೊಂದು ದಿನ ಎಂದರೆ ಜುಲೈ 20. ಅಂದೇ ಅಮ್ಮನ ವರ್ಷಾಂತ, ಮೊದಲ ತಿಥಿ. ನಾನು ಬೇಕೆಂದೇ ಹೊಂದಿಸಿದ್ದಲ್ಲ, ಹಾಗೆ ಬಂತು. ನೀನು ಬಂದು ಕಣ್ಣಾರೆ ಕಂಡು ತಿಳಿಯುವುದಕ್ಕಿಂತ ನಾನೇ ಹೇಳುವುದು ಸರಿ ಎನಿಸಿತು.

ಅಪ್ಪಣೆ ಕೇಳುತ್ತಿಲ್ಲ ಅಣ್ಣಯ್ಯ. ತಿಳಿಸುತ್ತಿದ್ದೇನೆ.

ನಿನ್ನ ತಂಗಿ
ಯಾಮಿನಿ

*

ಡೊಂಬಿವಲಿ
10 ಜುಲೈ 2025

ಚಿ. ಯಾಮಿನಿಗೆ,

ಆಶೀರ್ವಾದ. ನಿನ್ನ ಕಾಗದ ಓದಿದ ಮೇಲೆ ಎರಡು ಹೊತ್ತು ಊಟ ಸೇರಲಿಲ್ಲ.

ಹದಿಮೂರನೇ ವಯಸ್ಸಿಗೆ ವೇದಪಾಠಶಾಲೆಗೆಂದು ಆ ಮನೆ ಬಿಟ್ಟವನು ನಾನು. ಆಮೇಲೆ ಅಲ್ಲಿ ಮಲಗಿದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಇಲ್ಲಿ ದೇವಸ್ಥಾನದವರು ಕೊಟ್ಟ ಕೋಣೆಗಳಲ್ಲಿ ಇಪ್ಪತ್ತೆಂಟು ವರ್ಷ ಕಳೆದೆ. ಯಾವುದನ್ನೂ ಮನೆ ಎಂದು ಕರೆದಿಲ್ಲ. ಮನೆ ಎಂದರೆ ಅದೊಂದೇ. ಅದಾದರೂ ಅಪ್ಪಯ್ಯ, ಅಮ್ಮ ಇಟ್ಟುಕೊಂಡಿದ್ದ ಹಾಗೆಯೇ ಇರಲಿ ಎಂದು ಆಸೆಪಟ್ಟರೆ ತಪ್ಪೇ?

ಸರಸಳ ಕಷ್ಟಕ್ಕೆ ಆಗು. ಬೇಕಾದರೆ ನಮ್ಮ ಮನೆಗೇ ಕರೆದುಕೊಂಡು ಬಾ, ಅಮ್ಮನ ಮಂಚ ಕೊಡು. ನಾನು ಬೇಡ ಎನ್ನುವುದಿಲ್ಲ. ನಮ್ಮ ಕಷ್ಟಕ್ಕೆ ಅವಳು ಆಗಿದ್ದಾಳೆ. ಆದರೆ ಮೊಟ್ಟೆ ಬೇಡ. ನೂರು ವರ್ಷದಿಂದ ದೇವರ ನೈವೇದ್ಯ ಬೇಯುವ ಮನೆ ಅದು.

ಇನ್ನೊಂದು ಮಾತು. ಹೇಳಬಾರದು, ಆದರೂ ಅಣ್ಣನಾಗಿ ಹೇಳುತ್ತೇನೆ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯಿಂದ ತಿರುಗಿ ಬಂದವಳು ಈಗ ಮೊಟ್ಟೆಗೆ ಕಾವು ಕೊಡುತ್ತ ಕೂತಿದ್ದಾಳೆ ಎಂದು ಊರವರು ನಗುವ ಹಾಗೆ ಮಾಡಿಕೊಳ್ಳಬೇಡ.

ನಾನು, ನಿನ್ನ ಅತ್ತಿಗೆ ಹತ್ತೊಂಬತ್ತಕ್ಕೆ ಬರುತ್ತೇವೆ. ಅಷ್ಟರೊಳಗೆ ಅದು ಹೊರಗೆ ಹೋಗಿ, ಮನೆ ತೊಳೆದಿರಲಿ. ಇಲ್ಲವಾದರೆ ಅಮ್ಮನ ತಿಥಿ ಆ ಮನೆಯಲ್ಲಿ ಆಗುವುದಿಲ್ಲ.

ವೈಕುಂಠ

*

ಸಾಸ್ತಾನ
14 ಜುಲೈ 2025

ಅಣ್ಣಯ್ಯಾ,

ನಿನ್ನ ಕಾಗದ ಮುಟ್ಟುವ ಮೊದಲೇ ಸರಸಕ್ಕನನ್ನು ಶನಿವಾರ ಕರೆದುಕೊಂಡು ಬಂದು ಅಮ್ಮನ ಮಂಚದ ಮೇಲೆ ಮಲಗಿಸಿದ್ದೇನೆ. ನೀನು ಹೇಳಿದ ಉಳಿದದ್ದು ಮಾಡಿಲ್ಲ.

ಎಂಟನೇ ದಿನವೇ ಕಿಟಕಿ ಮುಚ್ಚಿ, ಕತ್ತಲೆ ಮಾಡಿ, ಮೊಬೈಲಿನ ಟಾರ್ಚಿಗೆ ಹಿಡಿದು ಒಂದೊಂದೇ ಮೊಟ್ಟೆ ನೋಡಿದ್ದೆ. ಎರಡು ಬರಿದಾಗಿದ್ದವು, ತೆಗೆದುಬಿಟ್ಟೆ. ಒಂಬತ್ತರಲ್ಲಿ ಕೆಂಪು ನೂಲಿನಂಥ ನರಗಳು ಹರಡಿದ್ದವು. ಒಂದರೊಳಗೆ ಕಪ್ಪು ಚುಕ್ಕಿಯೊಂದು ಮಿಡಿಯುತ್ತಿತ್ತು. ಮೇಜಿಗೆ ಕೈಯೂರಿ ನೋಡುತ್ತಲೇ ನಿಂತೆ, ಅವತ್ತು ಶಾಲೆಗೆ ತಡವಾಗಿ ಹೋದೆ.

ಶನಿವಾರ ಮಧ್ಯಾಹ್ನ ಗಾಳಿಮಳೆಗೆ ಕಂಬ ಬಿದ್ದು ಐದು ಗಂಟೆ ಕರೆಂಟಿರಲಿಲ್ಲ. ಥರ್ಮಾಮೀಟರು ಮೂವತ್ತಮೂರಕ್ಕೆ ಇಳಿಯಿತು. ನಾಲ್ಕು ಬಾಟಲಿಗೆ ಬಿಸಿನೀರು ತುಂಬಿ ಮೊಟ್ಟೆಗಳ ಸುತ್ತ ಇಟ್ಟೆ. ಮೇಲೆ ಹೊದಿಸಲು ಮೆತ್ತಗಿನ ದಪ್ಪ ಬಟ್ಟೆ ಬೇಕಿತ್ತು. ಕೈಗೆ ಸಿಕ್ಕಿದ್ದು ಅಮ್ಮನ ಮಡಿಸೀರೆ. ಅದನ್ನೇ ಹೊದಿಸಿದೆ. ಇದನ್ನು ಮುಚ್ಚಿಡಬಹುದಿತ್ತು, ಮುಚ್ಚಿಡುವುದು ನನಗೆ ಸಾಕಾಗಿದೆ. ಆ ಐದು ಗಂಟೆ ಸರಸಕ್ಕ ಮಂಚದ ಮೇಲಿಂದಲೇ “ಈಗ ಎಷ್ಟ್ ಇತ್ತ್? ಈಗ ಎಷ್ಟ್ ಇತ್ತ್?” ಎಂದು ಕೇಳುತ್ತಿದ್ದಳು, ನಾನು ಓಡಾಡುತ್ತಿದ್ದೆ.

ಜನ ನಗುತ್ತಾರೆ ಎಂದು ಬರೆದೆ. ಹದಿನೈದು ವರ್ಷದಿಂದ ನಗುತ್ತಲೇ ಇದ್ದಾರೆ. ಹೊಸ ಕಾರಣವೊಂದು ಸಿಕ್ಕರೆ ಅವರಿಗೂ ಸ್ವಲ್ಪ ಬದಲಾವಣೆ. ಆದರೆ ನೀನೂ ಅದನ್ನೇ ಬರೆದೆಯಲ್ಲ, ಅದಕ್ಕೆ ಉತ್ತರ ಕೊಡಬೇಕು. ಮಗು ಸಿಗಲಿಲ್ಲವೆಂದು ಮೊಟ್ಟೆ ಹಿಡಿದು ಕೂತವಳಲ್ಲ ನಾನು. ನನಗೆ ಕೋಳಿಮರಿ ಬೇಕಿರುವುದು ಅದು ಕೋಳಿಮರಿ ಎಂಬುದಕ್ಕೇ. ಅದರೊಳಗೆ ಬೇರೆ ಅರ್ಥ ಹುಡುಕಬೇಡ. ಹುಡುಕಿಕೊಂಡು ಬಂದವರನ್ನು ಗೇಟಿನಿಂದಲೇ ಕಳಿಸುತ್ತೇನೆ.

ಮನೆ ಇಬ್ಬರದ್ದೂ. ದೇವರ ಕೋಣೆ, ಅಡುಗೆಮನೆ ನಿನ್ನ ಪಾಲು ಎಂದು ಇಟ್ಟುಕೋ. ನಾನು ಸ್ನಾನ ಮಾಡದೆ ಅಲ್ಲಿಗೆ ಕಾಲಿಡುವುದಿಲ್ಲ. ಚಾವಡಿಯ ಆ ಮೇಜಿನಷ್ಟು ಜಾಗ ನನ್ನ ಪಾಲು. ತಿಥಿಗೆ ಬಾ. ಅಡುಗೆಗೆ ಎಲ್ಲ ಹೊಂದಿಸಿಟ್ಟಿದ್ದೇನೆ.

ಯಾಮಿನಿ

*

ಸಾಲಿಗ್ರಾಮ
19 ಜುಲೈ 2025, ಸಂಜೆ

ಯಾಮಿನಿಗೆ,

ಪುರೋಹಿತರ ಮನೆಯಲ್ಲಿ ಇಳಿದಿದ್ದೇವೆ. ನಾಳಿನ ಕಾರ್ಯ ಇಲ್ಲಿಯೇ. ಈ ಚೀಟಿಯನ್ನು ರಿಕ್ಷಾದವರ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಬರುವುದು ಬೇಡ.

ಅಮ್ಮ ಹೋಗುವಾಗ ಅವಳ ತಲೆ ನಿನ್ನ ತೊಡೆಯ ಮೇಲಿತ್ತು. ನನ್ನ ರೈಲು ಆಗಷ್ಟೇ ಕುಮಟಾ ದಾಟಿತ್ತು. ಕೊನೆಯ ನಾಲ್ಕು ವರ್ಷ ಅವಳು ನಿನ್ನ ಪಾಲಿಗೆ ಬಂದಳು. ನನಗೆ ಉಳಿದದ್ದು ವರ್ಷಕ್ಕೆ ಒಂದು ದಿನ. ಆ ಒಂದು ದಿನವನ್ನು ಶುದ್ಧವಾಗಿ ಮಾಡಬೇಕು ಎಂದರೆ ನೀನು ಅದನ್ನೂ ಹಟಕ್ಕೆ ತೆಗೆದುಕೊಂಡೆ.

ವೈಕುಂಠ

*

ಸಾಸ್ತಾನ
24 ಜುಲೈ 2025

ಅಣ್ಣಯ್ಯಾ,

ನೀವು ಮುಂಬಯಿ ಮುಟ್ಟಿರಬೇಕು. ಈಗ ಬರೆಯುತ್ತೇನೆ. ಇದನ್ನು ತಿಥಿಗೆ ಮೊದಲೇ ಬರೆಯಬಹುದಿತ್ತು. ಬರೆದಿದ್ದರೆ ಪಿಂಡ ಇಡಲು ನಿನ್ನಿಂದ ಆಗುತ್ತಿರಲಿಲ್ಲ. ಅಷ್ಟು ಕೆಟ್ಟವಳಲ್ಲ ನಾನು.

ನಿನ್ನ ಚೀಟಿ ಬಂದಾಗ ಮೊದಲನೇ ಮೊಟ್ಟೆಗೆ ಸಣ್ಣ ಬಿರುಕು ಬಿಟ್ಟಿತ್ತು. ಬೆಳಗಾಗುವಾಗ ಮೂರು ಮರಿ ಹೊರಗಿದ್ದವು. ಒದ್ದೆಯಾಗಿ, ಕುರೂಪವಾಗಿ, ನಿಲ್ಲಲಾರದೆ ಬಿದ್ದು ಏಳುತ್ತಿದ್ದವು. ನಾಲ್ಕನೆಯದು ಅರ್ಧ ಒಡೆದು ಸುಮ್ಮನಾಗಿತ್ತು. ನಾನು ಚಿಪ್ಪು ಬಿಡಿಸಲು ಕೈ ಹಾಕಿದೆ.

“ಕೈ ತೆಗಿ!” ಎಂದು ಸರಸಕ್ಕ ಮಂಚದಿಂದಲೇ ಗದರಿದಳು. “ನೀ ಬಿಡ್ಸಿರೆ ಅದ್ ಬದ್ಕುದಿಲ್ಲ. ಅದೇ ಒಡ್ಕಂಡ್ ಬರ್ಕ್.”

“ಆಗ್ದಿದ್ರೆ?”

“ಆಗ್ದಿದ್ರೆ ಇಲ್ಲ. ನೀ ಈಗ ಮಿಂದ್ಕಂಡ್ ತಿಥಿಗೆ ಹೋಗ್. ನಾ ಕಾಣ್ತೆ.”

“ಬಪ್ಪುದ್ ಬೇಡ ಅಂದಿದ್ದ ಅಣ್ಣಯ್ಯ.”

“ಅಮ್ಮ ಅವ್ನ್ ಒಬ್ನಿಗೇನಾ? ಹೋಗ್ ಹೆಣ್ಣೆ.”

ಹಾಗೆ ಬಂದೆ. ಮರಿ ಬದುಕಿತೋ ಸತ್ತಿತೋ ತಿಳಿಯದೆ, ಒದ್ದೆ ತಲೆಯಲ್ಲಿ, ಬಸ್ಸಿನಲ್ಲಿ ನಿಂತುಕೊಂಡು ಬಂದೆ. ಪುರೋಹಿತರು “ಹ್ವಾಯ್ ವೈಕುಂಠ, ತಂಗಿ ಬಂತಲೆ” ಎಂದರು. ನೀನು ತಲೆಯೆತ್ತಿ ನೋಡಿದೆ. ಆಮೇಲೆ ದರ್ಭೆಯ ಕಡೆಗೇ ತಿರುಗಿದೆ. ನಾನು ಕಂಬದ ಹತ್ತಿರ ಕೂತೆ. ಅಮ್ಮನ ಹೆಸರು ಬಂದಾಗ ನೀನು ತಡೆದು, ಮತ್ತೆ ಮೊದಲಿನಿಂದ ಮಂತ್ರ ಹೇಳಿದೆ. ಆಗ ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ.

ಊಟಕ್ಕೆ ಕೂತಾಗ ನೀನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಅಮ್ಮ ಇದ್ದಿದ್ರೆ ಆ ಮನೆಗೆ ಮೊಟ್ಟಿ ಬತ್ತಿರ್ಲಿಲ್ಲ.” ನಾನು ಎಲೆ ಮುಗಿಸಿ, ಕೈ ತೊಳೆದು, ಬಸ್ಸು ಹತ್ತಿದೆ. ಆ ಮಾತಿಗೆ ಉತ್ತರ ಈಗ ಕೊಡುತ್ತಿದ್ದೇನೆ.

ಹೋದ ವರ್ಷ ಏಪ್ರಿಲಿನಲ್ಲಿ ಅಮ್ಮನ ಕಾಲು ಊದಿಕೊಂಡದ್ದು ನೆನಪಿದೆಯಲ್ಲ? ರಕ್ತದಲ್ಲಿ ಪ್ರೋಟೀನ್ ತೀರಾ ಇಳಿದಿದೆ, ದಿನಕ್ಕೊಂದು ಮೊಟ್ಟೆ ಕೊಡಿ ಎಂದರು ಡಾಕ್ಟರು. ನಿನ್ನನ್ನು ಕೇಳಿದೆ. ಆ ಮಾತು ಇನ್ನೊಂದು ಸಲ ಎತ್ತಬೇಡ ಎಂದೆ ನೀನು. ನಾನು ಎತ್ತಲಿಲ್ಲ. ಹೆಸರುಕಾಳು, ಬೇಳೆಕಟ್ಟು ಕೊಡುತ್ತ ಹನ್ನೆರಡು ದಿನ ಕಳೆದೆ. ಬಾವು ಮೊಣಕಾಲು ದಾಟಿತು. ಹದಿಮೂರನೇ ದಿನ ಅಮ್ಮನೇ ಕಿಟಕಿಯಿಂದ ಬೇಲಿಯಾಚೆಗೆ ಕರೆದಳು.

“ಸರಸಾ, ನಿನ್ ಕರಿ ಹೇಂಟಿ ಮೊಟ್ಟಿ ಇಡ್ತಿತ್ತಾ?”

“ಇಡ್ತಿತ್ತ್ ಅಮ್ಮ. ಎಂತಕ್ಕೆ?”

“ನಂಗೊಂದ್ ಬೇಯ್ಸಿ ಕೊಡ್. ಕಾಲ್ ಹೀಂಗೆ ಊದ್ಕಂಡ್ ಬಿದ್ಕಂಡ್ ಸಾಯುಕೆ ನಂಗ್ ಮನ್ಸಿಲ್ಲ.”

ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ನನ್ನ ಕಡೆ ತಿರುಗಿ, “ವೈಕುಂಠಂಗೆ ಹೇಳ್ಬೇಡ. ಅವ್ನ್ ಊಟ ಬಿಡ್ತ” ಎಂದಳು.

ಅವತ್ತಿನಿಂದ ಸಾಯುವ ಹದಿನೈದು ದಿನ ಮೊದಲಿನವರೆಗೂ ತಿಂದಳು. ಬೇಯಿಸಿದ್ದು ಸರಸಕ್ಕನ ಒಲೆಯಲ್ಲಿ. ತಿಂದದ್ದು ಹಿತ್ತಲ ನಲ್ಲಿಕಟ್ಟೆಯ ಮೇಲೆ, ಬಾಳೆಲೆಯ ಚೂರಿನಲ್ಲಿ. ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದ ಮೇಲೆಯೇ ಒಳಗೆ ಬರುತ್ತಿದ್ದಳು. ಹೆಚ್ಚಿನವೆಲ್ಲ ಆ ಕರಿ ಹೇಂಟೆಯ ಮೊಟ್ಟೆಗಳೇ. ನಾಯಿ ಹಿಡಿದದ್ದು ಅದೇ ಹೇಂಟೆಯನ್ನು. ಅದರ ಕೊನೆಯ ಹನ್ನೊಂದನ್ನು ತೆಂಗಿನ ಬುಡಕ್ಕೆ ಹಾಕಲು ನನ್ನಿಂದ ಆಗಲಿಲ್ಲ. ಕಾರಣ ಇಷ್ಟೇ.

ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅಮ್ಮನ ಹೆಸರು ಹೇಳಿ ನೀನು ನನ್ನ ಬಾಯಿ ಮುಚ್ಚಿಸಲು ಹೊರಟ ಮೇಲೆ ಇನ್ನು ಆಗಲಿಲ್ಲ. ನಾನು ತಪ್ಪು ಮಾಡಿದೆ ಎನ್ನು, ಕೇಳಿಸಿಕೊಳ್ಳುತ್ತೇನೆ. ಅಮ್ಮ ತಪ್ಪು ಮಾಡಿದಳು ಎಂದರೆ ಕೇಳಿಸಿಕೊಳ್ಳುವುದಿಲ್ಲ.

ಅವತ್ತು ಮನೆಗೆ ಬರುವಾಗ ನಾಲ್ಕನೇ ಮರಿ ತಾನಾಗಿಯೇ ಹೊರಗೆ ಬಂದಿತ್ತು. ಸಂಜೆಯೊಳಗೆ ಏಳಾದವು. ಎರಡು ಒಳಗೇ ಸತ್ತವು.

ಯಾಮಿನಿ

*

ಡೊಂಬಿವಲಿ
6 ಅಕ್ಟೋಬರ್ 2025

ಯಾಮಿನಿಗೆ,

ಎರಡೂವರೆ ತಿಂಗಳು ನಿನ್ನ ಫೋನು ತೆಗೆಯಲಿಲ್ಲ. ಕಾಗದಕ್ಕೂ ಉತ್ತರ ಬರೆಯಲಿಲ್ಲ. ನಿನ್ನ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದ್ದೆ. ನಿನ್ನ ಅತ್ತಿಗೆ ಎತ್ತಿಟ್ಟುಕೊಂಡಿದ್ದಳು. ನವರಾತ್ರಿ ಕಳೆದ ಮೇಲೆ ಕೇಳಿದೆ, ಕೊಟ್ಟಳು. ಚೂರು ಹೊಂದಿಸಿಕೊಂಡು ಮತ್ತೆ ಓದಿದೆ.

ಪ್ರಾಯಶ್ಚಿತ್ತ ಏನಾದರೂ ಇದೆಯೇ ಎಂದು ಕೇಳಲು ಇಲ್ಲಿ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಕೇಳಿದರೆ ಅಮ್ಮ ತಪ್ಪು ಮಾಡಿದಳು ಎಂದು ನನ್ನ ಬಾಯಿಯಿಂದಲೇ ಹೇಳಿದ ಹಾಗಾಗುತ್ತಿತ್ತು.

ನನಗೆ ಸಿಟ್ಟಿರುವುದು ಮೊಟ್ಟೆಯ ಮೇಲೋ, ನೀವು ಮೂವರು ಹೆಂಗಸರು ಸೇರಿ ನನ್ನನ್ನು ಹೊರಗಿಟ್ಟದ್ದರ ಮೇಲೋ, ಸರಿಯಾಗಿ ಹೇಳಲಾರೆ. ನಾನು ಊಟ ಬಿಡುತ್ತೇನೆ ಎಂದಳಲ್ಲ ಅಮ್ಮ. ಬಿಡುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು.

ಒಂದಷ್ಟು ಕೇಳಬೇಕು. ಕಾಲಿನ ಬಾವು ಇಳಿಯಿತೇ? ಅವಳಿಗೆ ಅದು ಸೇರುತ್ತಿತ್ತೇ, ಔಷಧದಂತೆ ನುಂಗುತ್ತಿದ್ದಳೇ? ನನ್ನ ವಿಷಯ ಬೇರೇನಾದರೂ ಹೇಳಿದಳೇ? ನನಗೆ ಆ ತಿಂಗಳುಗಳ ಬಗ್ಗೆ ಏನೂ ಗೊತ್ತಿಲ್ಲ. ಶನಿವಾರ ಶನಿವಾರ ಐದು ನಿಮಿಷದ ಫೋನು, “ಆರಾಮಿದ್ದೆ ಮಗಾ” ಎಂಬ ಒಂದು ಮಾತು, ಅಷ್ಟೇ.

ದೀಪಾವಳಿಗೆ ಬರೋಣ ಎಂದಿದ್ದೇನೆ. ಕೋಳಿಗಳು ಅಷ್ಟರೊಳಗೆ ಸರಸಳ ಮನೆಗೆ ಹೋಗಿರಲಿ. ಇಷ್ಟನ್ನಾದರೂ ನಡೆಸಿಕೊಡು.

ವೈಕುಂಠ

*

ಸಾಸ್ತಾನ
11 ಅಕ್ಟೋಬರ್ 2025

ಅಣ್ಣಯ್ಯಾ,

ಕೇಳಿದೆಯಲ್ಲ, ಹೇಳುತ್ತೇನೆ.

ಮೊದಲನೇ ದಿನ ಬಿಳಿಯನ್ನಷ್ಟೇ ಕಚ್ಚಿ ಕಣ್ಣು ಮುಚ್ಚಿಕೊಂಡಳು. ಮೂರನೇ ದಿನ ಹಳದಿಯನ್ನು ಬೆರಳಲ್ಲಿ ಮುಟ್ಟಿ, ನಾಲಗೆಗೆ ಹಚ್ಚಿ, “ಕಡ್ಲಿಹಿಟ್ಟಿನಂಗೆ ಇತ್ತಲೆ!” ಎಂದಳು. ಸರಸಕ್ಕ ಬೇಲಿಯಾಚೆಯಿಂದ ನಕ್ಕದ್ದು ಹೆದ್ದಾರಿಗೆ ಕೇಳಿಸಿರಬೇಕು. ಆಮೇಲೆ ಉಪ್ಪು, ಕಾಳುಮೆಣಸಿನ ಪುಡಿ ಕೇಳಿ ಹಾಕಿಸಿಕೊಂಡಳು. ಸೇರುತ್ತಿತ್ತು ಅಣ್ಣಯ್ಯ. ಔಷಧದಂತೆ ನುಂಗಲಿಲ್ಲ.

ಮೂರು ವಾರದಲ್ಲಿ ಬಾವು ಅರ್ಧ ಇಳಿಯಿತು. ಮೇ ಕೊನೆಗೆ ಬೇಲಿಯವರೆಗೆ ತಾನೇ ನಡೆದಳು, ಕೋಲಿಲ್ಲದೆ. ಆ ಕರಿ ಹೇಂಟೆಗೆ ಒಂದು ಹಿಡಿ ಅಕ್ಕಿ ಹಾಕಿ, “ನಿನ್ನದ್ ತಿಂದ್ ನಾ ನಡೀತಾ ಇದ್ದೆ ಮಾರಾಯ್ತಿ” ಎಂದಳು. ಜುಲೈಯಲ್ಲಿ ಜ್ವರ ಬಂದ ಮೇಲೆ ಮತ್ತೆ ಮಲಗಿದವಳು ಏಳಲಿಲ್ಲ, ಅದು ನಿನಗೆ ಗೊತ್ತೇ ಇದೆ.

ನಿನ್ನ ವಿಷಯ. ಶನಿವಾರ ತಿನ್ನುತ್ತಿರಲಿಲ್ಲ. ಒಂದು ಶನಿವಾರ ಸರಸಕ್ಕ ಮರೆತು ಬೇಯಿಸಿ ತಂದಳು. “ಇವತ್ ಬೇಡ ಸರಸ. ಮಗನ್ ಹತ್ರ ಮಾತಾಡುದಿತ್ತ್” ಎಂದು ವಾಪಸು ಕಳಿಸಿದಳು. ಫೋನಿನಲ್ಲಿ ಅವನಿಗೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದೆ. “ಅವಂಗ್ ಗೊತ್ತಾಪ್ದ್ ಬೇಡ. ನಂಗ್ ಗೊತ್ತಿರತ್ತಲೆ” ಎಂದಳು. ಈ ಮಾತನ್ನು ಹೋದ ಕಾಗದದಲ್ಲಿ ಬರೆಯದೆ ಇಟ್ಟುಕೊಂಡದ್ದು ಸಿಟ್ಟಿನಿಂದ. ಅದು ನನ್ನ ತಪ್ಪು. ನಿನ್ನನ್ನು ಹೊರಗಿಟ್ಟಿದ್ದೇವೆ ಎಂದೆಯಲ್ಲ, ಅದಕ್ಕೂ ಉತ್ತರ ಇದೇ.

ಇನ್ನು ಕೋಳಿಗಳು. ಏಳರಲ್ಲಿ ಒಂದನ್ನು ಗಿಡುಗ ಒಯ್ದಿತು. ಆರಿವೆ. ಎರಡು ಹುಂಜ, ನಾಲ್ಕು ಹೇಂಟೆ. ಒಂದು ಹುಂಜ ಕೂಗಲು ಕಲಿಯುತ್ತಿದೆ, ಸ್ವರ ಇನ್ನೂ ಕೂತಿಲ್ಲ. ಸರಸಕ್ಕ ಈಗ ವಾಕರ್ ಹಿಡಿದು ಓಡಾಡುತ್ತಾಳೆ, ಹೋದ ತಿಂಗಳು ತನ್ನ ಮನೆಗೆ ಹೋದಳು. ಕೋಳಿಗಳು ಹೋಗಲಿಲ್ಲ. ಹಿತ್ತಲಲ್ಲಿ ಗೂಡು ಕಟ್ಟಿಸಿದ್ದೇನೆ. ದೀಪಾವಳಿಗೂ ಅವು ಅಲ್ಲೇ ಇರುತ್ತವೆ. ನೀನು ಕೇಳಿದ ಇದೊಂದನ್ನು ನಡೆಸಿಕೊಡುವುದಿಲ್ಲ. ಇನ್ನೊಂದು ಸಲ ಕೇಳಬೇಡ.

ನಿನ್ನೆ ಮತ್ತೆ ಹದಿನಾಲ್ಕು ಮೊಟ್ಟೆ ಇಟ್ಟೆ. ಸರಸಕ್ಕನ ಬೇರೆ ಹೇಂಟೆಗಳವು. ಈ ಸಲ ನಾಯಿಯ ನೆಪವಿಲ್ಲ, ಅಮ್ಮನ ಋಣದ ಮಾತೂ ಇಲ್ಲ. ನನಗೆ ಇಷ್ಟ, ಅದಕ್ಕೆ ಇಟ್ಟೆ. ಒಡೆಯುವುದು ತಿಂಗಳ ಕೊನೆಗೆ. ನೀವು ಬರುವಾಗ ಹತ್ತು ಹನ್ನೊಂದು ದಿನ ಆಗಿರುತ್ತದೆ. ಟಾರ್ಚಿಗೆ ಹಿಡಿದರೆ ಒಳಗೆ ಮರಿ ಅಲುಗುವುದು ಕಾಣುತ್ತದೆ. ನೋಡಬೇಕೆನಿಸಿದರೆ ತೋರಿಸುತ್ತೇನೆ. ಬೇಡ ಎನಿಸಿದರೆ ಆ ಕಡೆ ತಿರುಗಿ ಚಾವಡಿ ದಾಟು.

ಪೆಟ್ಟಿಗೆ ಅಲ್ಲೇ ಇರುತ್ತದೆ.

ನಿನ್ನ ತಂಗಿ
ಯಾಮಿನಿ